ಕೋಟೆ ಸೂರೆಯಾದ ಮೇಲೆ ಹಾಕಿದ ಬಾಗಿಲು

ಸೋಲ್ ನಗರದ ಸಂಸತ್ತು ಒಂದು ರಾತ್ರಿಯಲ್ಲಿ ಉಳಿದುಕೊಂಡಿತು. ಟುನಿಸ್ ನಗರದ ಸಂಸತ್ತು ಒಂದು ರಾತ್ರಿಯಲ್ಲಿ ಮುಚ್ಚಿಹೋಯಿತು. ಪ್ರಜಾಪ್ರಭುತ್ವವನ್ನು ಕಟ್ಟಿದವರು ಅದನ್ನು ಕಾಯುವುದನ್ನು ಕಲಿಯುವುದು ಹೇಗೆ?

2024ರ ಡಿಸೆಂಬರ್ 3, ಮಂಗಳವಾರ. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಲ್ಲಿ ಮೈ ಕೊರೆಯುವ ಚಳಿ. ರಾತ್ರಿ ಹತ್ತೂವರೆಯ ಸುಮಾರು. ಮಕ್ಕಳನ್ನು ಮಲಗಿಸಿ, ಮರುದಿನದ ಕೆಲಸ ನೆನೆಯುತ್ತ ದೀಪ ಆರಿಸುವ ಹೊತ್ತು. ಆಗ ಟಿ.ವಿ.ಯಲ್ಲಿ ಅಧ್ಯಕ್ಷ ಯೂನ್ ಸುಕ್ ಯೋಲ್ ಕಾಣಿಸಿಕೊಂಡರು. ದೇಶದಲ್ಲಿ ಸೇನಾಡಳಿತ ಜಾರಿಯಾಗಿದೆ ಎಂದರು.

ಸ್ವಲ್ಪ ಹೊತ್ತಿಗೆ ಸೇನೆಯ ಆದೇಶವೂ ಹೊರಬಿತ್ತು. ಸಂಸತ್ತಿನ, ರಾಜಕೀಯ ಪಕ್ಷಗಳ ಚಟುವಟಿಕೆ ನಿಷೇಧ. ಸಭೆ, ಮೆರವಣಿಗೆ ನಿಷೇಧ. ಸುದ್ದಿ ಸಂಸ್ಥೆಗಳೆಲ್ಲ ಸೇನೆಯ ಹಿಡಿತಕ್ಕೆ.

ಮುಂದೆ ನಡೆದದ್ದನ್ನು ಜಗತ್ತು ಮೊಬೈಲ್ ಪರದೆಯ ಮೇಲೆ ನೋಡಿತು. ಪೊಲೀಸರು ಸಂಸತ್ತಿನ ಗೇಟು ಮುಚ್ಚಿದ್ದರು. ಸ್ಪೀಕರ್ ವೂ ವಾನ್ ಶಿಕ್ ಕಾಂಪೌಂಡ್ ಹತ್ತಿ ಒಳಗೆ ಇಳಿದರು. ವಿರೋಧ ಪಕ್ಷದ ನಾಯಕ ಲೀ ಜೇ ಮ್ಯುಂಗ್ ಫೋನಿನಲ್ಲಿ ನೇರಪ್ರಸಾರ ಮಾಡುತ್ತಲೇ ಬೇಲಿ ಹತ್ತಿದರು. ಎಲ್ಲರೂ ಸಂಸತ್ತಿನ ಬಳಿ ಬನ್ನಿ ಎಂದು ಜನರನ್ನು ಬೇಡಿಕೊಂಡರು. ಜನ ಬಂದರು. ಮನೆಯ ಬಟ್ಟೆಯಲ್ಲೇ ಬಂದವರು ಸೇನೆಯ ವಾಹನಗಳ ಮುಂದೆ ನಿಂತರು. ಹೆಲಿಕಾಪ್ಟರ್‌ಗಳಿಂದ ಇಳಿದ ಕಮಾಂಡೊಗಳು ಕಿಟಕಿ ಒಡೆದು ಒಳನುಗ್ಗಿದಾಗ ಸಂಸತ್ತಿನ ಸಿಬ್ಬಂದಿ ಮೇಜು, ಕುರ್ಚಿ, ಸೋಫಾಗಳನ್ನು ಬಾಗಿಲಿಗೆ ಅಡ್ಡ ಪೇರಿಸಿದರು. ಬೆಂಕಿ ನಂದಿಸುವ ಸಿಲಿಂಡರ್‌ಗಳಿಂದ ಪುಡಿ ಎರಚಿ ತಡೆದರು.

ಸದನದ ಒಳಗೆ ಸ್ಪೀಕರ್‌ಗೆ ಎಲ್ಲ ಕಡೆಯಿಂದ ಒತ್ತಾಯ: ಬೇಗ ಮತಕ್ಕೆ ಹಾಕಿ, ಸೈನಿಕರು ಬಂದೇಬಿಟ್ಟರು. ಅವರು ಅವಸರ ಮಾಡಲಿಲ್ಲ. ನಿರ್ಣಯ ಕ್ರಮಬದ್ಧವಾಗಿ ಸದನದ ಮುಂದೆ ಬರುವವರೆಗೆ ಕಾದರು. ಒಂದು ಸಣ್ಣ ನಿಯಮ ತಪ್ಪಿದ್ದರೂ ಮರುದಿನ ಅದನ್ನೇ ಹಿಡಿದು ಇಡೀ ನಿರ್ಣಯ ಅಸಿಂಧು ಎನ್ನಬಹುದಿತ್ತು. ರಾತ್ರಿ ಒಂದು ಗಂಟೆಗೆ ಮತದಾನ. 300 ಸದಸ್ಯಬಲದ ಸದನಕ್ಕೆ ಹೇಗೋ ತಲುಪಿದ್ದವರು 190 ಮಂದಿ. ಸೇನಾಡಳಿತ ತೆಗೆಯಬೇಕೆಂದು 190 ಮತಗಳೂ ಬಿದ್ದವು. ಅವುಗಳಲ್ಲಿ 18 ಅಧ್ಯಕ್ಷರ ಪಕ್ಷದವರದೇ. ಬೆಳಗಿನ ಜಾವ ನಾಲ್ಕೂವರೆಗೆ ಅಧ್ಯಕ್ಷರು ಮಣಿದರು. ಇಡೀ ಪ್ರಕರಣ ನಡೆದದ್ದು ಆರು ಗಂಟೆ.

ಇನ್ನೊಂದು ಊರು, ಇನ್ನೊಂದು ಗೇಟು

ಅದಕ್ಕೆ ಮೂರು ವರ್ಷ ಮುಂಚೆ, 2021ರ ಜುಲೈ 25ರ ರಾತ್ರಿ, ಉತ್ತರ ಆಫ್ರಿಕಾದ ಟುನೀಷಿಯಾದಲ್ಲೂ ಸಂಸತ್ತಿನ ಗೇಟೊಂದು ಮುಚ್ಚಿತು. ಅಧ್ಯಕ್ಷ ಕೈಸ್ ಸಯೀದ್ ಪ್ರಧಾನಿಯನ್ನು ವಜಾ ಮಾಡಿ, ಸಂಸತ್ತನ್ನು ಅಮಾನತಿನಲ್ಲಿಟ್ಟರು. ರಾಜಧಾನಿ ಟುನಿಸ್‌ನ ಬಾರ್ಡೊದಲ್ಲಿರುವ ಸಂಸತ್ತಿನ ಗೇಟಿಗೆ ಸೇನೆಯ ವಾಹನ ಅಡ್ಡ ನಿಂತಿತು. 80 ವರ್ಷದ ಸ್ಪೀಕರ್ ರಾಶಿದ್ ಘನ್ನೂಶಿ ನಸುಕಿನಲ್ಲಿ ಅಲ್ಲಿಗೆ ಬಂದು ಗೇಟು ತೆರೆಯುವಂತೆ ಕೇಳಿದರು. ಸೈನಿಕರು ತೆರೆಯಲಿಲ್ಲ. ಸ್ಪೀಕರ್ ಕಾರಿನಲ್ಲೇ ಕುಳಿತು ಕಾದರು.

ಟುನಿಸ್‌ನ ಬೀದಿಗಳಲ್ಲೂ ಆ ರಾತ್ರಿ ಜನ ತುಂಬಿದ್ದರು. ಕಾರಿನ ಹಾರ್ನ್ ಬಾರಿಸುತ್ತ, ಬಾವುಟ ಬೀಸುತ್ತ ಸಂಭ್ರಮಿಸುತ್ತಿದ್ದರು. ತಾವೇ ಮತ ಹಾಕಿ ಆರಿಸಿದ ಸಂಸತ್ತು ಮುಚ್ಚಿತೆಂದು ಅವರಿಗೆ ಸಂತೋಷವಾಗಿತ್ತು. ಮೂವತ್ತು ದಿನದ ಮಟ್ಟಿಗೆ ಎಂದು ಮುಚ್ಚಿದ ಆ ಸಂಸತ್ತಿನ ಬಾಗಿಲು ಅದರ ಸದಸ್ಯರಿಗೆ ಮತ್ತೆ ತೆರೆಯಲಿಲ್ಲ.

ಸೋಲ್‌ನಲ್ಲಿ ಬೇಲಿ ಹಾರಿದವರ ಬೆನ್ನಿಗೆ ಜನ ನಿಂತರು. ಟುನಿಸ್‌ನಲ್ಲಿ ಬಾಗಿಲು ಹಾಕಿದವರ ಬೆನ್ನಿಗೆ ನಿಂತರು. ಕೊರಿಯನ್ನರ ರಕ್ತದಲ್ಲೇ ಪ್ರಜಾಪ್ರಭುತ್ವ ಇತ್ತೆನ್ನೋಣವೇ? ಟುನೀಷಿಯನ್ನರಿಗೆ ಸ್ವಾತಂತ್ರ್ಯದ ಬೆಲೆ ಗೊತ್ತಿರಲಿಲ್ಲ ಎನ್ನೋಣವೇ? ಎರಡು ದೇಶಗಳ ಚರಿತ್ರೆಯೂ ಇದನ್ನು ಒಪ್ಪುವುದಿಲ್ಲ.

ನಮ್ಮಲ್ಲೊಂದು ಗಾದೆಯಿದೆ: ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಕಾಲ ಮಿಂಚಿದ ಮೇಲೆ ಎಚ್ಚೆತ್ತವರನ್ನು ಆಡಿಕೊಳ್ಳಲು ಹುಟ್ಟಿದ ಮಾತು. ಪ್ರಜಾಪ್ರಭುತ್ವ ದೇಶಗಳ ಚರಿತ್ರೆ ಓದುತ್ತ ಹೋದರೆ ಈ ಗಾದೆ ಬೇರೆಯೇ ಅರ್ಥ ಕೊಡತೊಡಗುತ್ತದೆ. ಲೂಟಿಕೋರರು ಒಂದೇ ಸಲ ಬಂದು ಸುಮ್ಮನಾಗುವವರಲ್ಲ. ಅವರು ನುಗ್ಗಿದ ದಾರಿ ಯಾವುದೆಂದು ಹುಡುಕಿ, ಅಲ್ಲಿ ಬಾಗಿಲು ಕೂರಿಸಿದ ಊರು ಮುಂದಿನ ಸಲಕ್ಕೆ ಉಳಿಯುತ್ತದೆ. ಸೋಲ್‌ನ ಆರು ಗಂಟೆಗಳ ಹಿಂದೆ ಹೀಗೆ ತಡವಾಗಿ ಹಾಕಿದ ಹಲವು ಬಾಗಿಲುಗಳಿವೆ.

ನಿಯಮ ಹಳೆಯದೇ

ಸೋಲ್‌ನ 190 ಸದಸ್ಯರ ಕೈಗೆ ಬಲ ಕೊಟ್ಟದ್ದು ಕೊರಿಯಾ ಸಂವಿಧಾನದ 77ನೇ ವಿಧಿ. ಸಂಸತ್ತಿನ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೇಳಿದರೆ ಅಧ್ಯಕ್ಷರು ಸೇನಾಡಳಿತವನ್ನು ತೆಗೆಯಲೇಬೇಕು ಎಂದು ಅದು ಹೇಳುತ್ತದೆ. ಅಧ್ಯಕ್ಷರ ಇಷ್ಟಾನಿಷ್ಟಕ್ಕೆ ಅಲ್ಲಿ ಜಾಗವಿಲ್ಲ.

ಈ ನಿಯಮ ಹೊಸದಾಗಿ ಬಂದದ್ದಲ್ಲ. 1961ರಲ್ಲಿ ಸೇನಾ ಕ್ರಾಂತಿ ಮಾಡಿ ಅಧಿಕಾರ ಹಿಡಿದ ಪಾರ್ಕ್ ಚುಂಗ್ ಹೀ, 1972ರಲ್ಲಿ ತಾವು ಸಾಯುವತನಕ ಆಳಲು ಅನುಕೂಲವಾಗುವಂತೆ ಹೊಸ ಸಂವಿಧಾನ ಮಾಡಿಸಿಕೊಂಡರು. ಆ ಸಂವಿಧಾನದಲ್ಲೂ ಈ ನಿಯಮ ಇತ್ತು. ಕಾಗದದ ಮೇಲಿದ್ದರೆ ಸಾಕು ಎನ್ನುವುದಾದರೆ ಕೊರಿಯಾ ಆಗಲೇ ಉಳಿದುಕೊಳ್ಳಬೇಕಿತ್ತು.

1979ರ ಅಕ್ಟೋಬರ್‌ನಲ್ಲಿ ಪಾರ್ಕ್ ಅವರ ಕೊಲೆಯಾಯಿತು. ಡಿಸೆಂಬರ್‌ನಲ್ಲಿ ಜನರಲ್ ಚುನ್ ಡೂ ಹ್ವಾನ್ ಸೇನೆಯನ್ನು ತಮ್ಮ ಕೈಗೆ ತೆಗೆದುಕೊಂಡರು. 1980ರ ಮೇ 17ರಂದು ಸೇನಾಡಳಿತವನ್ನು ಇಡೀ ದೇಶಕ್ಕೆ ವಿಸ್ತರಿಸಿದರು. ಸಂಸತ್ತು ಸೇರಿ ಅದನ್ನು ರದ್ದು ಮಾಡಬಹುದಿತ್ತು, ಆದರೆ ಸೇರಲು ಬಿಟ್ಟರೆ ತಾನೇ! ಸೈನಿಕರು ಸಂಸತ್ತಿನ ಗೇಟಿಗೆ ಅಡ್ಡ ನಿಂತರು, ಸದಸ್ಯರು ಹೊರಗೇ ಉಳಿದರು. ಆ ದಿನ ಸೈನಿಕರನ್ನು ಎದುರಿಸಲು ಸೋಲ್‌ನಲ್ಲಿ ಜನ ಬರಲಿಲ್ಲ.

ಜನ ಎದ್ದು ನಿಂತದ್ದು ದಕ್ಷಿಣದ ಗ್ವಾಂಗ್ಜು ನಗರದಲ್ಲಿ. ಮೇ 18ರಂದು ವಿದ್ಯಾರ್ಥಿಗಳು ಬೀದಿಗಿಳಿದಾಗ ಅವರ ಮೇಲೆ ಪ್ಯಾರಾ ಕಮಾಂಡೊಗಳನ್ನು ಬಿಡಲಾಯಿತು. ಲಾಠಿ, ಬಂದೂಕಿನ ಚೂರಿ, ಆಮೇಲೆ ಗುಂಡು. ರೊಚ್ಚಿಗೆದ್ದ ಊರು ಸೇನೆಯನ್ನೇ ಹೊರಗಟ್ಟಿತು. ಮುಂದಿನ ಕೆಲವು ದಿನ ಗ್ವಾಂಗ್ಜು ತನ್ನನ್ನು ತಾನೇ ನೋಡಿಕೊಂಡಿತು. ಆಸ್ಪತ್ರೆಗಳ ಮುಂದೆ ರಕ್ತ ಕೊಡಲು ಸಾಲು ನಿಂತಿತು. ಸಂತೆಬೀದಿಯ ಹೆಂಗಸರು ಅನ್ನದ ಉಂಡೆ ಕಟ್ಟಿ ಕಾವಲಿಗಿದ್ದ ಹುಡುಗರಿಗೆ ಹಂಚಿದರು. ಮೇ 27ರ ನಸುಕಿನಲ್ಲಿ ಟ್ಯಾಂಕುಗಳೊಂದಿಗೆ ಸೇನೆ ಮರಳಿತು. ಪ್ರಾಂತೀಯ ಕಚೇರಿಯಲ್ಲಿ ಕೊನೆಯವರೆಗೆ ಉಳಿದ ಯುವಕರು ಅಲ್ಲೇ ಪ್ರಾಣ ಬಿಟ್ಟರು. ಲೆಕ್ಕಕ್ಕೆ ಸಿಕ್ಕ ನಾಗರಿಕರ ಸಾವೇ 160ಕ್ಕೂ ಹೆಚ್ಚು. ಕಾಣೆಯಾದವರ ಮನೆಯವರು ಇಂದಿಗೂ ಹುಡುಕುತ್ತಿದ್ದಾರೆ.

ಕೋಟೆ ಸೂರೆಯಾಗಿತ್ತು.

ನೆನಪು ಎಂಬ ಕಾವಲುಗಾರ

ಗ್ವಾಂಗ್ಜುವಿನಲ್ಲಿ ಏನಾಯಿತೆಂದು ಮಾತಾಡುವುದೇ ವರ್ಷಗಟ್ಟಲೆ ಅಪರಾಧವಾಗಿತ್ತು. ವಿದ್ಯಾರ್ಥಿಗಳು ಗುಟ್ಟಾಗಿ ಫೋಟೊ, ವಿಡಿಯೊ ಹಂಚಿಕೊಂಡರು. 1987ರ ಜನವರಿಯಲ್ಲಿ ಪಾರ್ಕ್ ಜೋಂಗ್ ಚುಲ್ ಎಂಬ ವಿದ್ಯಾರ್ಥಿ ಪೊಲೀಸರ ವಶದಲ್ಲಿ ನೀರಿನ ಚಿತ್ರಹಿಂಸೆಗೆ ಬಲಿಯಾದ. ವಿಚಾರಣೆಯಲ್ಲಿ ಮೇಜು ಕುಟ್ಟಿದ ಸದ್ದಿಗೆ ಹುಡುಗ ಕುಸಿದು ಸತ್ತ ಎಂದು ಪೊಲೀಸರು ಹೇಳಿದ್ದನ್ನು ಯಾರೂ ನಂಬಲಿಲ್ಲ. ಜೂನ್‌ನಲ್ಲಿ ಇನ್ನೊಬ್ಬ ವಿದ್ಯಾರ್ಥಿ ಲೀ ಹಾನ್ ಯೋಲ್‌ಗೆ ಅಶ್ರುವಾಯು ಶೆಲ್ ತಲೆಗೆ ಬಡಿಯಿತು.

ಈ ಸಲ ಬೀದಿಗಿಳಿದವರಲ್ಲಿ ವಿದ್ಯಾರ್ಥಿಗಳ ಜೊತೆ ಟೈ ಕಟ್ಟಿದ ಕಚೇರಿ ನೌಕರರಿದ್ದರು, ಅಂಗಡಿಯವರಿದ್ದರು, ಪಾದ್ರಿಗಳಿದ್ದರು. ಜೂನ್ 29ರಂದು ಸರ್ಕಾರ ನೇರ ಚುನಾವಣೆಗೆ ಒಪ್ಪಿತು. ಅಕ್ಟೋಬರ್‌ನಲ್ಲಿ ಹೊಸ ಸಂವಿಧಾನ ಬಂತು. ಅಧ್ಯಕ್ಷರಿಗೆ ಐದು ವರ್ಷದ ಒಂದೇ ಅವಧಿ. ಸರ್ಕಾರದ ನಡೆ ಸಂವಿಧಾನಕ್ಕೆ ಸರಿಯೇ ಎಂದು ತೀರ್ಮಾನಿಸಲು ಪ್ರತ್ಯೇಕ ಸಾಂವಿಧಾನಿಕ ನ್ಯಾಯಾಲಯ.

ಆ ವರ್ಷದ ಚುನಾವಣೆಯಲ್ಲಿ ಜನರಿಗೆ ನಿರಾಸೆ ಕಾದಿತ್ತು. ಹೋರಾಟದ ಇಬ್ಬರು ನಾಯಕರು, ಕಿಮ್ ಯಂಗ್ ಸ್ಯಾಮ್ ಮತ್ತು ಕಿಮ್ ಡೇ ಜುಂಗ್, ಒಂದಾಗಲಿಲ್ಲ. ಮತ ಒಡೆಯಿತು. ಚುನ್ ಅವರ ಆಪ್ತ ಜನರಲ್ ರೋ ಟೇ ವೂ ಶೇ 36.6ರಷ್ಟು ಮತ ಪಡೆದೇ ಗೆದ್ದರು. ತೀರಿಕೊಂಡ ಮಕ್ಕಳ ತಾಯಂದಿರಿಗೆ ಆ ದಿನ ಹೇಗಾಗಿರಬೇಕು! ಆದರೂ ವಿರೋಧಿಗಳು ಫಲಿತಾಂಶವನ್ನು ಸಹಿಸಿದರು, ರೋ ತಮ್ಮ ಅವಧಿ ಮುಗಿದಾಗ ಇಳಿದರು. ಸೋತವರು ಮುಂದಿನ ಚುನಾವಣೆಗೆ ಕಾಯುವುದು, ಗೆದ್ದವರು ದಿನ ಬಂದಾಗ ಮನೆಗೆ ಹೋಗುವುದು, ಇವೆರಡೂ ಯಾವ ಸಂವಿಧಾನ ಬರೆದ ದಿನವೂ ತಾನಾಗಿ ಬರುವ ಗುಣಗಳಲ್ಲ. ರೂಢಿಯಾಗಬೇಕು.

ಕಟಕಟೆಯಲ್ಲಿ ಜನರಲ್‌ಗಳು

1993ರಲ್ಲಿ ಅಧ್ಯಕ್ಷರಾದ ಕಿಮ್ ಯಂಗ್ ಸ್ಯಾಮ್ ಸೇನೆಯ ಒಳಗಿದ್ದ 'ಹನಾಹೋ' ಎಂಬ ಗುಪ್ತ ಕೂಟಕ್ಕೆ ಕೈ ಹಾಕಿದರು. ಚುನ್ ಮತ್ತು ರೋ ಬೆಳೆದದ್ದು ಈ ಕೂಟದಲ್ಲೇ. ಅದರ ಜನರಲ್‌ಗಳನ್ನು ಆಯಕಟ್ಟಿನ ಹುದ್ದೆಗಳಿಂದ ಒಬ್ಬೊಬ್ಬರನ್ನಾಗಿ ತೆಗೆದರು. 1995ರಲ್ಲಿ ಗ್ವಾಂಗ್ಜು ಹತ್ಯಾಕಾಂಡದ ವಿಚಾರಣೆಗೆಂದೇ ವಿಶೇಷ ಕಾನೂನು ಬಂತು. ಇಬ್ಬರು ಮಾಜಿ ಅಧ್ಯಕ್ಷರು ಕೈದಿಗಳ ಉಡುಪಿನಲ್ಲಿ ಕಟಕಟೆಯಲ್ಲಿ ನಿಂತರು. 1996ರಲ್ಲಿ ಚುನ್‌ಗೆ ಮರಣದಂಡನೆಯಾಯಿತು. ಮೇಲ್ಮನವಿಯಲ್ಲಿ ಅದು ಜೀವಾವಧಿಗೆ ಇಳಿಯಿತು. 1997ರ ಕೊನೆಗೆ ಕ್ಷಮಾದಾನವೂ ಸಿಕ್ಕಿತು.

ಶಿಕ್ಷೆ ಪೂರ್ತಿಯಾಗಲಿಲ್ಲ ಎಂಬ ಕೊರಗು ಗ್ವಾಂಗ್ಜುವಿಗೆ ಉಳಿದೇ ಇದೆ. ಆದರೆ ತೀರ್ಪಿನಲ್ಲಿ ಒಂದು ಮಾತು ದಾಖಲಾಯಿತು: ಸಂಸತ್ತನ್ನು ಸೇನೆಯಿಂದ ಮುಚ್ಚಿಸುವುದು ದಂಗೆ, ಮಾಡಿದವರು ಎಷ್ಟೇ ದೊಡ್ಡವರಾಗಿರಲಿ. ಶಾಲೆಯ ಪಾಠದಲ್ಲಿ ಗ್ವಾಂಗ್ಜು ಬಂತು. ಮೇ 18 ರಾಷ್ಟ್ರೀಯ ಸ್ಮರಣೆಯ ದಿನವಾಯಿತು. ಸಿನಿಮಾ ಬಂತು, ಕಾದಂಬರಿ ಬಂತು.

2024ರ ಆ ರಾತ್ರಿ ಸಂಸತ್ತಿಗೆ ಬಂದ ಸೈನಿಕರು ಇದನ್ನೆಲ್ಲ ಓದಿ, ನೋಡಿ ಬೆಳೆದ ಹುಡುಗರು. ಅವರ ಹೆಜ್ಜೆ ಹಿಂಜರಿಯಿತು. ಬಂದೂಕಿನ ನಳಿಕೆಯನ್ನು ಕೈಯಲ್ಲಿ ಹಿಡಿದು ತಳ್ಳಿದ ಮಹಿಳೆಯ ಮೇಲೆ ಅವರು ಗುಂಡು ಹಾರಿಸಲಿಲ್ಲ. ಮುಂದೆ ಯೂನ್ ಅವರನ್ನು ಪದಚ್ಯುತಗೊಳಿಸಿದ ತೀರ್ಪಿನಲ್ಲಿ ಸಾಂವಿಧಾನಿಕ ನ್ಯಾಯಾಲಯ ಇದನ್ನು ಗುರುತಿಸಿತು. ಸಂಸತ್ತು ಅಷ್ಟು ಬೇಗ ನಿರ್ಣಯ ಮಾಡಲು ಸಾಧ್ಯವಾದದ್ದು ಜನರ ಪ್ರತಿರೋಧದಿಂದ, ಸೈನಿಕರು ಮತ್ತು ಪೊಲೀಸರು ಆದೇಶವನ್ನು ಅರೆಮನಸ್ಸಿನಿಂದ ಪಾಲಿಸಿದ್ದರಿಂದ ಎಂದಿತು.

ಸೇನಾಡಳಿತ ಘೋಷಣೆಯಾದ ಅದೇ ವಾರ, ಡಿಸೆಂಬರ್ 7ರಂದು, ಗ್ವಾಂಗ್ಜುವಿನಲ್ಲಿ ಹುಟ್ಟಿದ ಲೇಖಕಿ ಹಾನ್ ಕಾಂಗ್ ಸ್ಟಾಕ್‌ಹೋಮ್‌ನಲ್ಲಿ ನೊಬೆಲ್ ಉಪನ್ಯಾಸ ಕೊಟ್ಟರು. ಗ್ವಾಂಗ್ಜುವನ್ನು ಕುರಿತು ಕಾದಂಬರಿ ಬರೆಯುವಾಗ ತಮ್ಮನ್ನು ಕಾಡಿದ ಪ್ರಶ್ನೆಯೊಂದನ್ನು ಅಲ್ಲಿ ಎತ್ತಿದರು. ಸತ್ತವರು ಬದುಕಿರುವವರನ್ನು ಕಾಪಾಡಬಲ್ಲರೇ ಎಂಬುದು ಆ ಪ್ರಶ್ನೆ. ನಾಲ್ಕು ದಿನದ ಹಿಂದಷ್ಟೇ ಸೋಲ್‌ನ ಬೀದಿಯಲ್ಲಿ ನಿಂತಿದ್ದವರಿಗೆ ಉತ್ತರ ಗೊತ್ತಿತ್ತು.

ಬೀಗ ಇತ್ತು, ಕೀಲಿ ಇರಲಿಲ್ಲ

ಟುನೀಷಿಯಾದ ಕಥೆ ಶುರುವಾಗುವುದು ಒಂದು ತಳ್ಳುಗಾಡಿಯಿಂದ. ಸಿದಿ ಬೂಝಿದ್ ಎಂಬ ಒಳನಾಡಿನ ಊರಿನಲ್ಲಿ ಹಣ್ಣು ಮಾರುತ್ತಿದ್ದ 26 ವರ್ಷದ ಮೊಹಮ್ಮದ್ ಬುವಾಜಿಜಿಯ ಸರಕನ್ನು 2010ರ ಡಿಸೆಂಬರ್ 17ರಂದು ಅಧಿಕಾರಿಗಳು ಕಿತ್ತುಕೊಂಡರು. ದೂರು ಕೇಳುವವರಿರಲಿಲ್ಲ. ಸರ್ಕಾರಿ ಕಚೇರಿಯ ಎದುರೇ ಅವನು ಮೈಗೆ ಬೆಂಕಿ ಹಚ್ಚಿಕೊಂಡ. ಆ ಸಿಟ್ಟು ದೇಶವನ್ನೆಲ್ಲ ಹಬ್ಬಿತು. 23 ವರ್ಷ ಆಳಿದ್ದ ಬೆನ್ ಅಲಿ 2011ರ ಜನವರಿ 14ರಂದು ದೇಶ ಬಿಟ್ಟು ಓಡಿದರು. ಕೊರಿಯಾ ಹೊಸ ಸಂವಿಧಾನ ಬರೆದುಕೊಂಡ 1987ರಲ್ಲೇ ಅಧಿಕಾರಕ್ಕೆ ಬಂದಿದ್ದ ವ್ಯಕ್ತಿ ಅವರು.

ಮುಂದಿನ ಮೂರು ವರ್ಷ ಟುನೀಷಿಯಾ ಮಾಡಿದ ಕೆಲಸ ಸಣ್ಣದಲ್ಲ. 2013ರಲ್ಲಿ ಇಬ್ಬರು ವಿರೋಧ ಪಕ್ಷದ ನಾಯಕರ ಕೊಲೆಯಾಗಿ ದೇಶ ಅಂತರ್ಯುದ್ಧದ ಅಂಚಿಗೆ ಬಂದಿತ್ತು. ಆಗ ಕಾರ್ಮಿಕ ಸಂಘ, ಉದ್ಯಮಿಗಳ ಒಕ್ಕೂಟ, ಮಾನವ ಹಕ್ಕುಗಳ ಸಂಘ ಮತ್ತು ವಕೀಲರ ಸಂಘ ಸೇರಿ ಪಕ್ಷಗಳನ್ನು ಒಂದೇ ಮೇಜಿಗೆ ಕರೆತಂದವು. ಧಾರ್ಮಿಕ ಹಿನ್ನೆಲೆಯ ಅನ್ನಹ್ದಾ ಪಕ್ಷ ಅಧಿಕಾರ ಬಿಟ್ಟುಕೊಟ್ಟಿತು. 2014ರ ಜನವರಿಯಲ್ಲಿ ಬಂದ ಸಂವಿಧಾನಕ್ಕೆ ಸಭೆಯ 200 ಸದಸ್ಯರು ಒಪ್ಪಿಗೆ ಕೊಟ್ಟರು. ಈ ನಾಲ್ಕು ಸಂಘಟನೆಗಳಿಗೆ 2015ರ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಆ ಸಂವಿಧಾನದಲ್ಲಿ ಒಂದು ಬೀಗವಿತ್ತು. ದೇಶಕ್ಕೆ ಗಂಡಾಂತರ ಬಂದಾಗ ಅಧ್ಯಕ್ಷರು ವಿಶೇಷ ಅಧಿಕಾರ ಬಳಸಬಹುದೆಂದು 80ನೇ ವಿಧಿ ಹೇಳಿತ್ತು. ಆದರೆ ಆ ಅವಧಿಯಲ್ಲಿ ಸಂಸತ್ತು ನಿರಂತರವಾಗಿ ಸೇರಿರಬೇಕು. ಮೂವತ್ತು ದಿನದ ಮೇಲೆ ಸ್ಪೀಕರ್ ಇಲ್ಲವೇ 30 ಸದಸ್ಯರು ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋಗಿ, ಗಂಡಾಂತರ ಇನ್ನೂ ಇದೆಯೇ ಎಂದು ಕೇಳಬಹುದು.

ಕೇಳಲು ನ್ಯಾಯಾಲಯವೇ ಇರಲಿಲ್ಲ. ಒಂದು ವರ್ಷದೊಳಗೆ ರಚನೆಯಾಗಬೇಕಿದ್ದ ಅದರ 12 ನ್ಯಾಯಾಧೀಶರಲ್ಲಿ ನಾಲ್ವರನ್ನು ಸಂಸತ್ತು ಮೂರನೇ ಎರಡರಷ್ಟು ಬಹುಮತದಿಂದ ಆರಿಸಬೇಕಿತ್ತು. ಪ್ರತಿಯೊಂದು ಪಕ್ಷವೂ ತನ್ನವರೇ ಬೇಕೆಂದು ಪಟ್ಟು ಹಿಡಿಯಿತು. ಏಳು ವರ್ಷದಲ್ಲಿ ಅವರಿಗೆ ಆರಿಸಲಾದದ್ದು ಒಬ್ಬರನ್ನು. 2021ರ ಜುಲೈನಲ್ಲಿ ಅಧ್ಯಕ್ಷ ಸಯೀದ್ 80ನೇ ವಿಧಿಯನ್ನೇ ಮುಂದಿಟ್ಟು ಸಂಸತ್ತನ್ನು ಮುಚ್ಚಿದಾಗ, ಇದು ತಪ್ಪೆಂದು ಹೇಳುವ ಅಧಿಕಾರವಿದ್ದ ಪೀಠ ಖಾಲಿಯಿತ್ತು. ಸಯೀದ್ ಸ್ವತಃ ಸಂವಿಧಾನ ಶಾಸ್ತ್ರ ಕಲಿಸುತ್ತಿದ್ದ ಮೇಷ್ಟ್ರು. ಬೇಲಿಯೇ ಎದ್ದು ಹೊಲ ಮೇಯಿತು.

ಆಮೇಲಿನ ಹೆಜ್ಜೆಗಳು ಬೇಗ ಬೇಗ ಬಿದ್ದವು. 2022ರ ಫೆಬ್ರುವರಿಯಲ್ಲಿ ನ್ಯಾಯಾಂಗ ಮಂಡಳಿ ರದ್ದು. ಜೂನ್‌ನಲ್ಲಿ 57 ನ್ಯಾಯಾಧೀಶರ ವಜಾ. ಜುಲೈನಲ್ಲಿ ಹೊಸ ಸಂವಿಧಾನ. 2023ರ ಏಪ್ರಿಲ್‌ನಲ್ಲಿ ಮಾಜಿ ಸ್ಪೀಕರ್ ಘನ್ನೂಶಿ ಬಂಧನ. 2024ರ ಚುನಾವಣೆಯಲ್ಲಿ ಸಯೀದ್ ಶೇ 90ಕ್ಕೂ ಹೆಚ್ಚು ಮತ ಪಡೆದರು. ಪ್ರಮುಖ ಎದುರಾಳಿಗಳು ಜೈಲಿನಲ್ಲಿದ್ದರು ಇಲ್ಲವೇ ಕಣಕ್ಕಿಳಿಯದಂತೆ ತಡೆಯಲ್ಪಟ್ಟಿದ್ದರು. ಹತ್ತರಲ್ಲಿ ಏಳು ಮತದಾರರು ಮತಗಟ್ಟೆಯ ಕಡೆ ಸುಳಿಯಲಿಲ್ಲ.

ಹೊಟ್ಟೆ ತುಂಬದ ಸ್ವಾತಂತ್ರ್ಯ

ನ್ಯಾಯಾಲಯ ಇದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತೇ? ಆ ರಾತ್ರಿ ಹಾರ್ನ್ ಬಾರಿಸಿದ ಜನರ ಮನಸ್ಸನ್ನು ಅರಿಯದೆ ಇದಕ್ಕೆ ಉತ್ತರ ಹೇಳಲಾಗದು.

ಬುವಾಜಿಜಿ ಕೇಳಿದ್ದು ಬದುಕುವ ದಾರಿ ಮತ್ತು ಮರ್ಯಾದೆ. ಕ್ರಾಂತಿಯ ನಂತರದ ಹತ್ತು ವರ್ಷದಲ್ಲಿ ಅವನ ಊರಿನ ಹುಡುಗರಿಗೆ ಮಾತಾಡುವ ಸ್ವಾತಂತ್ರ್ಯ ಸಿಕ್ಕಿತು, ಕೆಲಸ ಸಿಗಲಿಲ್ಲ. ಸರ್ಕಾರಗಳು ವರ್ಷಕ್ಕೊಂದರಂತೆ ಬದಲಾದವು. 2015ರಲ್ಲಿ ಬಾರ್ಡೊ ವಸ್ತುಸಂಗ್ರಹಾಲಯ ಮತ್ತು ಸೂಸ್ ಕಡಲತೀರದಲ್ಲಿ ಉಗ್ರರ ದಾಳಿಗಳಾಗಿ ಪ್ರವಾಸೋದ್ಯಮ ನೆಲಕಚ್ಚಿತು. ಯುವಕರು ಜೀವ ಪಣಕ್ಕಿಟ್ಟು ದೋಣಿ ಹತ್ತಿ ಇಟಲಿಯ ದಾರಿ ಹಿಡಿದರು. ಕೋವಿಡ್ ಬಂದಾಗ ಆಸ್ಪತ್ರೆಗಳಲ್ಲಿ ಆಮ್ಲಜನಕಕ್ಕೆ ಪರದಾಟ. ಟಿ.ವಿ.ಯಲ್ಲಿ ನೋಡಿದರೆ ಸಂಸತ್ತಿನೊಳಗೆ ಸದಸ್ಯರು ಕೈ ಕೈ ಮಿಲಾಯಿಸುತ್ತಿದ್ದರು.

ಹಳೆಯ ಆಡಳಿತದ ಪಾಪದ ಲೆಕ್ಕವೂ ಚುಕ್ತಾ ಆಗಲಿಲ್ಲ. ಸತ್ಯಶೋಧನೆಯ ಆಯೋಗದ ಮುಂದೆ 60 ಸಾವಿರಕ್ಕೂ ಹೆಚ್ಚು ದೂರು ಬಂದವು. ಆದರೆ 2017ರಲ್ಲಿ ಸಂಸತ್ತೇ ಹಿಂದಿನ ಭ್ರಷ್ಟ ಆಡಳಿತದ ಅಧಿಕಾರಿಗಳಿಗೆ ಮಾಫಿ ಕೊಡುವ ಕಾನೂನು ಮಾಡಿತು. ಸಂಸತ್ತು ನಮ್ಮದು ಎಂಬ ಭಾವನೆ ಜನರಲ್ಲಿ ಹೀಗೆ ಹನಿ ಹನಿಯಾಗಿ ಆರಿಹೋಗಿತ್ತು. ತಮ್ಮದಲ್ಲದ ಮನೆಗೆ ಬೀಗ ಬಿದ್ದರೆ ಅಳುವವರು ಯಾರು?

ಟುನೀಷಿಯನ್ನರನ್ನು ಜರೆಯುವ ಮುನ್ನ ಒಂದು ವಿಷಯ ನೆನಪಿಡಬೇಕು. ಕೊರಿಯಾದ ಜನ 1960ರ ಏಪ್ರಿಲ್‌ನಲ್ಲಿ ಸರ್ವಾಧಿಕಾರಿ ಸಿಂಗ್‌ಮನ್ ರೀ ಅವರನ್ನು ಕಿತ್ತೊಗೆದಿದ್ದರು. ಬಡತನ, ಪಕ್ಷಗಳ ಒಳಜಗಳಗಳ ನಡುವೆ ಹೊಸ ಸರ್ಕಾರ ಒಂದು ವರ್ಷವೂ ಬಾಳಲಿಲ್ಲ. 1961ರ ಮೇ 16ರಂದು ಪಾರ್ಕ್ ಚುಂಗ್ ಹೀ ಸೇನೆಯೊಂದಿಗೆ ಬಂದಾಗ ಜನ ತಡೆಯಲಿಲ್ಲ. ಪ್ರಧಾನಿ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಅಡಗಿದ್ದರು. ಟುನಿಸ್‌ನ 2021ನ್ನು ಹೋಲಿಸಬೇಕಾದದ್ದು ಸೋಲ್‌ನ 1961ಕ್ಕೆ.

ನಮ್ಮೂರ ದಿಡ್ಡಿ ಬಾಗಿಲು

ನಾವೂ ಇಂಥದೇ ಪಾಠ ಕಲಿತವರು. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿಗೆ ರಾಷ್ಟ್ರಪತಿಯ ಸಹಿ ಬಿತ್ತು. ಸಚಿವ ಸಂಪುಟಕ್ಕೆ ತಿಳಿದದ್ದು ಮರುದಿನ ಬೆಳಿಗ್ಗೆ. ಸಂಸದೀಯ ಸಮಿತಿಯ ಕೆಲಸಕ್ಕೆ ಬಂದಿದ್ದ ವಾಜಪೇಯಿ, ಅಡ್ವಾಣಿ ಅವರ ಬಂಧನವಾದದ್ದು ನಮ್ಮ ಬೆಂಗಳೂರಿನಲ್ಲೇ. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ ವಿಚಾರಣೆಯೇ ಇಲ್ಲದೆ ಬೆಂಗಳೂರಿನ ಜೈಲಿನಲ್ಲಿ ತಿಂಗಳುಗಟ್ಟಲೆ ಇದ್ದರು. ಉಬ್ಬಸದಿಂದ ಜರ್ಜರಿತರಾಗಿ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು.

ಆ ವರ್ಷದ ಚುನಾವಣೆಯಲ್ಲಿ ಸರ್ಕಾರ ಬದಲಾಯಿತು. 1978ರಲ್ಲಿ ಸಂವಿಧಾನಕ್ಕೆ 44ನೇ ತಿದ್ದುಪಡಿ ಬಂತು. 'ಆಂತರಿಕ ಕ್ಷೋಭೆ' ಎಂಬ ಎಲ್ಲೆಡೆಗೂ ಎಳೆಯಬಹುದಾದ ಪದ ಹೋಗಿ 'ಸಶಸ್ತ್ರ ಬಂಡಾಯ' ಎಂಬ ಖಚಿತ ಪದ ಬಂತು. ಸಂಪುಟದ ತೀರ್ಮಾನ ಬರಹದಲ್ಲಿ ತಲುಪದೆ ರಾಷ್ಟ್ರಪತಿ ಘೋಷಣೆ ಹೊರಡಿಸುವಂತಿಲ್ಲ. ಒಂದು ತಿಂಗಳೊಳಗೆ ಸಂಸತ್ತಿನ ವಿಶೇಷ ಬಹುಮತ ಬೇಕು. ಜೀವಿಸುವ ಹಕ್ಕನ್ನು ತುರ್ತುಪರಿಸ್ಥಿತಿಯಲ್ಲೂ ಅಮಾನತಿನಲ್ಲಿಡುವಂತಿಲ್ಲ. ಒಂದೊಂದು ಮಾತೂ 1975ರಲ್ಲಿ ಕಳ್ಳ ನುಗ್ಗಿದ ಒಂದೊಂದು ಕಿಂಡಿಯನ್ನು ಮುಚ್ಚುತ್ತದೆ.

ಕರ್ನಾಟಕದ ಹೆಸರಿನಲ್ಲೇ ಇರುವ ಬಾಗಿಲೂ ಒಂದಿದೆ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು ವಜಾ ಮಾಡಲಾಯಿತು. ವಿಧಾನಸಭೆಯಲ್ಲಿ ಬಹುಮತ ತೋರಿಸುತ್ತೇನೆಂದರೂ ಅವರಿಗೆ ಅವಕಾಶ ಸಿಗಲಿಲ್ಲ. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ಎಂದು ಎಣಿಸುವ ಜಾಗ ಸದನವೇ ಹೊರತು ರಾಜಭವನವಲ್ಲ. ಬೊಮ್ಮಾಯಿಯವರ ಕುರ್ಚಿ ಅದರಿಂದ ಮರಳಲಿಲ್ಲ. ಆದರೆ ಇಂದು ಯಾವ ರಾಜ್ಯದಲ್ಲಿ ಸರ್ಕಾರ ಅಲುಗಾಡಿದರೂ 'ವಿಶ್ವಾಸಮತ ಯಾಚನೆ ಯಾವಾಗ?' ಎಂಬ ಪ್ರಶ್ನೆ ಮೊದಲು ಬರುವುದು ಆ ತೀರ್ಪಿನಿಂದ.

ಸದ್ದಿಲ್ಲದೆ ಬರುವವರು

ಎಲ್ಲ ಲೂಟಿಯೂ ರಾತ್ರಿ ನಡೆಯುವುದಿಲ್ಲ, ಎಲ್ಲ ಗೇಟಿನ ಮುಂದೆಯೂ ಸೈನಿಕರು ಕಾಣುವುದಿಲ್ಲ. ಹಂಗೆರಿಯಲ್ಲಿ 2010ರ ಚುನಾವಣೆಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮತ ಪಡೆದ ಪಕ್ಷಕ್ಕೆ ಮೂರನೇ ಎರಡರಷ್ಟು ಸ್ಥಾನ ಸಿಕ್ಕವು. ವರ್ಷ ತಿರುಗುವುದರೊಳಗೆ ಹೊಸ ಸಂವಿಧಾನ ಬಂತು. ನ್ಯಾಯಾಧೀಶರ ನಿವೃತ್ತಿ ವಯಸ್ಸು 70ರಿಂದ 62ಕ್ಕೆ ಇಳಿಯಿತು. ಓದಿದರೆ ಸಾಮಾನ್ಯ ಆಡಳಿತ ಸುಧಾರಣೆಯಂತೆ ಕಾಣುವ ಈ ಒಂದು ಸಾಲಿನಿಂದ ನೂರಾರು ಹಿರಿಯ ನ್ಯಾಯಾಧೀಶರು ಒಟ್ಟಿಗೆ ಮನೆಗೆ ಹೋಗಬೇಕಾಯಿತು. ಯುರೋಪಿನ ನ್ಯಾಯಾಲಯ 2012ರಲ್ಲಿ ಅದನ್ನು ತಪ್ಪೆಂದಿತು. ಅಷ್ಟರಲ್ಲಿ ಹಲವು ಕುರ್ಚಿಗಳಲ್ಲಿ ಹೊಸಬರು ಕೂತಾಗಿತ್ತು.

ಇಂಥ ಬದಲಾವಣೆಯ ಮುಂದೆ ಜನ ಬೇಲಿ ಹಾರಿ ಬರುವುದಿಲ್ಲ, ಹಾರಲು ಬೇಲಿಯೇ ಕಾಣುವುದಿಲ್ಲ. ಹಾಗಾಗಿ ನ್ಯಾಯಾಧೀಶರ ನೇಮಕ, ಚುನಾವಣಾ ಆಯೋಗದ ರಚನೆ, ಕ್ಷೇತ್ರ ವಿಂಗಡಣೆಯಂಥ ಒಣ ಸುದ್ದಿಗಳನ್ನು ಪತ್ರಿಕೆಯ ಮೂಲೆಯಲ್ಲಿ ಕಂಡಾಗ ಪುಟ ತಿರುಗಿಸಬಾರದು. ಟುನೀಷಿಯಾದ ಗೇಟು ಮುಚ್ಚಿದ್ದು 2021ರ ಜುಲೈನಲ್ಲಿ. ಅದಕ್ಕೆ ಕಾವಲಿಲ್ಲದಂತಾದದ್ದು ನ್ಯಾಯಾಧೀಶರ ಆಯ್ಕೆ ಪ್ರತಿಬಾರಿ ಮುಂದಕ್ಕೆ ಹೋದ, ಯಾರೂ ಗಮನಿಸದ ದಿನಗಳಲ್ಲಿ.

ಇನ್ನೂ ಮುಗಿಯದ ಕೆಲಸ

ಕೊರಿಯಾದಲ್ಲೂ ಎಲ್ಲ ಸುಖಾಂತವಾಗಲಿಲ್ಲ. 2024ರ ಡಿಸೆಂಬರ್ 7ರಂದು ಯೂನ್ ಅವರ ವಾಗ್ದಂಡನೆಗೆ ನಡೆದ ಪ್ರಯತ್ನ ಬಿದ್ದುಹೋಯಿತು. ಚಳಿಯಲ್ಲಿ ಲಕ್ಷಾಂತರ ಜನ ಬೀದಿಯಲ್ಲಿ ಉಳಿದರು. ಸಂಗೀತ ಕಾರ್ಯಕ್ರಮಗಳಿಗೆ ಒಯ್ಯುವ ಬಣ್ಣದ ದೀಪದ ಕೋಲುಗಳನ್ನು ಹುಡುಗಿಯರು ಪ್ರತಿಭಟನೆಗೆ ಹಿಡಿದು ಬಂದರು. ಬರಲಾಗದವರು ಹತ್ತಿರದ ಹೋಟೆಲುಗಳಿಗೆ ಮುಂಗಡ ಹಣ ಕಟ್ಟಿ, ಬಂದವರಿಗೆ ಬಿಸಿ ಕಾಫಿ ಕೊಡಿಸಿದರು. ಗ್ವಾಂಗ್ಜುವಿನ ಅನ್ನದ ಉಂಡೆಯೇ ಕಾಫಿಯ ರೂಪದಲ್ಲಿ ಬಂದಂತಿತ್ತು. ಡಿಸೆಂಬರ್ 14ರಂದು 204 ಮತಗಳಿಂದ ವಾಗ್ದಂಡನೆ ಅಂಗೀಕಾರವಾಯಿತು.

ಆದರೆ 2025ರ ಜನವರಿಯಲ್ಲಿ ಯೂನ್ ಅವರ ಬೆಂಬಲಿಗರ ಗುಂಪು ಸೋಲ್‌ನ ನ್ಯಾಯಾಲಯವೊಂದಕ್ಕೆ ನುಗ್ಗಿ ಕಿಟಕಿ, ಪೀಠೋಪಕರಣ ಪುಡಿಮಾಡಿತು. ಚುನಾವಣೆಯೇ ಮೋಸ ಎಂಬ ಪುರಾವೆಯಿಲ್ಲದ ಮಾತನ್ನು ಯೂಟ್ಯೂಬ್‌ನಲ್ಲಿ ಕೇಳಿ ನಂಬಿದವರು ಅವರಲ್ಲಿದ್ದರು. ಏಪ್ರಿಲ್ 4ರಂದು ಸಾಂವಿಧಾನಿಕ ನ್ಯಾಯಾಲಯದ ಎಂಟೂ ನ್ಯಾಯಮೂರ್ತಿಗಳು ಒಮ್ಮತದಿಂದ ಅಧ್ಯಕ್ಷರನ್ನು ಪದಚ್ಯುತಗೊಳಿಸಿದರು. ಜೂನ್ 3ರ ಚುನಾವಣೆಯಲ್ಲಿ ಶೇ 79ಕ್ಕೂ ಹೆಚ್ಚು ಮತದಾನವಾಯಿತು. ಬೇಲಿ ಹಾರಿದ್ದ ಲೀ ಜೇ ಮ್ಯುಂಗ್ ಅಧ್ಯಕ್ಷರಾದರು. ಬೇಲಿ ಹಾರಿ ಬಂದವರೂ ಮುಂದೆ ಬೇಲಿಯನ್ನು ಗೌರವಿಸುತ್ತಾರೆಯೇ ಎಂದು ನೋಡುತ್ತಿರಬೇಕಾದವರು ಅದೇ ಜನ.

1980ರಲ್ಲಿ ಸಂಸತ್ತಿನ ಗೇಟಿನಿಂದ ಸದಸ್ಯರು ಹಿಂತಿರುಗಿದ ದಿನಕ್ಕೂ, 2024ರಲ್ಲಿ ಅದೇ ಸಂಸತ್ತಿನ ಬೇಲಿ ಹಾರಿದ ರಾತ್ರಿಗೂ ನಡುವೆ 44 ವರ್ಷಗಳಿವೆ. ಒಂದು ಬಾಗಿಲು ಕೂರಿಸಲು ಕೊರಿಯಾಕ್ಕೆ ಅಷ್ಟು ಕಾಲ ಹಿಡಿಯಿತು. ಟುನಿಸ್‌ನ ಸ್ಪೀಕರ್ ಮುಚ್ಚಿದ ಗೇಟಿನ ಮುಂದೆ ಕಾರಿನಲ್ಲಿ ಕುಳಿತು ಇನ್ನೂ ಹತ್ತು ವರ್ಷ ಕೂಡ ಆಗಿಲ್ಲ. ಕಳ್ಳರು ಬಂದ ದಾರಿಯನ್ನು ಅಲ್ಲಿನ ಜನ ಈಗ ನೋಡಿದ್ದಾರೆ. ಖಾಲಿ ಉಳಿದ ಆ ನ್ಯಾಯಪೀಠದ ನೆನಪನ್ನು ತಮ್ಮ ಮಕ್ಕಳಿಗೆ ಅವರು ಹೇಳುತ್ತಿದ್ದರೆ, ಟುನೀಷಿಯಾದ ಬಾಗಿಲಿನ ಕೆಲಸವೂ ಶುರುವಾಗಿದೆ ಎಂದೇ ಅರ್ಥ.